ಎದೆನೋವು: ‘ಗ್ಯಾಸ್’ ಎನ್ನುವ ಮುನ್ನ

ರಾತ್ರಿ ಹನ್ನೊಂದಕ್ಕೆ ಮನೆಯ ಹಿರಿಯರೊಬ್ಬರು ಎದೆ ನೀವಿಕೊಳ್ಳುತ್ತ ಎದ್ದು ಕೂತರೆ ನಮ್ಮಲ್ಲಿ ಮೊದಲು ಕೇಳಿಬರುವ ಮಾತು ‘ಗ್ಯಾಸ್ ಇರಬೇಕು’ ಎಂಬುದು. ಅದರ ಹಿಂದೆಯೇ ಜೀರಿಗೆ ಕಷಾಯ, ಇಂಗು ಹಾಕಿದ ಮಜ್ಜಿಗೆ, ಇಲ್ಲವೇ ಈನೋ ಬರುತ್ತದೆ. ಎಷ್ಟೋ ಸಲ ಈ ಊಹೆ ನಿಜವೇ ಆಗಿರುತ್ತದೆ. ತೊಂದರೆಯೂ ಅಲ್ಲೇ ಇದೆ. ಹಲವು ಬಾರಿ ಗೆದ್ದ ಊಹೆ ಗೆಲ್ಲಬಾರದ ಹೊತ್ತಿನಲ್ಲೂ ತಾನಾಗಿ ನಾಲಗೆಗೆ ಬಂದುಬಿಡುತ್ತದೆ.

ಹೃದಯದ ಕೆಳಗೋಡೆಗೆ ರಕ್ತ ಹರಿಯುವುದು ನಿಂತಾಗ ನೋವು ಹೊಟ್ಟೆಯ ಮೇಲ್ಭಾಗದಲ್ಲೇ ಕಾಣಿಸಿಕೊಳ್ಳಬಹುದು; ಜೊತೆಗೆ ವಾಕರಿಕೆ, ವಾಂತಿ, ತೇಗು ಇರಬಹುದು. ಆಂಟಾಸಿಡ್ ಕುಡಿದ ಮೇಲೆ ಕೊಂಚ ಹಗುರವಾಯಿತು ಎಂದರೆ ಹೃದಯದ ತಪ್ಪಿಲ್ಲ ಎಂದಾಗುವುದಿಲ್ಲ. ಇನ್ನೊಂದು ಕಡೆ, ಅನ್ನನಾಳದ ಸೆಳೆತದ ನೋವು ನಾಲಗೆಯಡಿ ಇಡುವ ‘ಹಾರ್ಟಿನ ಮಾತ್ರೆ’ಗೂ ಇಳಿಯುವುದುಂಟು. ಯಾವ ಮದ್ದಿಗೆ ಕಡಿಮೆಯಾಯಿತು ಎಂಬುದರಿಂದ ರೋಗ ಹಿಡಿಯಹೊರಟರೆ ಎರಡೂ ಕಡೆ ಮೋಸಹೋಗುತ್ತೇವೆ.

ಈ ಗೊಂದಲಕ್ಕೆ ಕಾರಣ ನಮ್ಮ ನರಗಳ ಜೋಡಣೆ. ಹೃದಯ ಮತ್ತು ಅನ್ನನಾಳದಿಂದ ನೋವಿನ ಸುದ್ದಿ ತರುವ ತಂತುಗಳು ಬೆನ್ನುಹುರಿಯನ್ನು ಸೇರುವ ಮಟ್ಟದಲ್ಲೇ ಎದೆಗೋಡೆಯ ಮತ್ತು ತೋಳಿನ ಒಳಬದಿಯ ಚರ್ಮದ ತಂತುಗಳೂ ಬಂದು ಸೇರುತ್ತವೆ. ವಠಾರದ ಮನೆಗಳಿಗೆಲ್ಲ ಒಂದೇ ಕರೆಗಂಟೆ ಇದ್ದ ಹಾಗೆ: ಗಂಟೆ ಬಾರಿಸಿದ್ದು ಕೇಳುತ್ತದೆ, ಯಾರ ಮನೆಗೆ ಎಂದು ತಿಳಿಯುವುದಿಲ್ಲ. ಹಾಗಾಗಿಯೇ ಹೃದಯದ ನೋವು ಎಡತೋಳಿಗೆ, ಕೆಲವರಿಗೆ ಬಲತೋಳಿಗೆ, ದವಡೆಗೆ, ಬೆನ್ನಿಗೆ ಹರಡುತ್ತದೆ. ಹಲ್ಲುನೋವೆಂದು ದಂತವೈದ್ಯರ ಬಳಿ ಹೋದವರೂ ಇದ್ದಾರೆ.

‘ಎಲ್ಲಿ ನೋಯುತ್ತದೆ’ ಎನ್ನುವುದಕ್ಕಿಂತ ‘ಯಾವಾಗ ನೋಯುತ್ತದೆ’ ಎನ್ನುವ ಪ್ರಶ್ನೆಗೆ ಹೆಚ್ಚು ಬೆಲೆ ಎಂದು ತೋರಿಸಿಕೊಟ್ಟವರು ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್. 1768ರಲ್ಲಿ ಅವರು ತಮ್ಮ ಸಹವೈದ್ಯರ ಮುಂದೆ ಒಂದು ವಿಚಿತ್ರ ಕಾಯಿಲೆಯನ್ನು ಬಣ್ಣಿಸಿದರು: ನಡೆಯುವಾಗ, ಅದರಲ್ಲೂ ಏರು ಹತ್ತುವಾಗ ಅಥವಾ ಊಟವಾದ ಮೇಲೆ ನಡೆಯುವಾಗ ಎದೆ ಹಿಡಿಯುತ್ತದೆ, ನಿಂತರೆ ಹೋಗಿಬಿಡುತ್ತದೆ. ಇಸಿಜಿ ಬರಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಬಾಕಿಯಿತ್ತು. ನೋವಿನ ಮೂಲ ಹೃದಯದ ರಕ್ತನಾಳಗಳಲ್ಲಿದೆ ಎಂದೂ ಅವರಿಗೆ ಗೊತ್ತಿರಲಿಲ್ಲ. ಆದರೂ ಅವರು ‘ಆಂಜೈನಾ’ ಎಂದು ಹೆಸರಿಟ್ಟು ಕೊಟ್ಟ ವರ್ಣನೆ ಇಂದಿಗೂ ಹಳತಾಗಿಲ್ಲ. ಬಸ್ ಹಿಡಿಯಲು ಬಿರುಸಾಗಿ ನಡೆದಾಗ, ಮೆಟ್ಟಿಲು ಹತ್ತುವಾಗ, ಕೋಪ ಬಂದಾಗ ಎದೆ ಬಿಗಿದು, ಕೆಲವು ನಿಮಿಷ ಸುಮ್ಮನೆ ನಿಂತರೆ ಬಿಟ್ಟುಕೊಡುವ ಬೇನೆ ಗ್ಯಾಸಿನ ಲಕ್ಷಣವಲ್ಲ. ಗ್ಯಾಸಿಗೆ ಮೆಟ್ಟಿಲುಗಳ ಲೆಕ್ಕ ಗೊತ್ತಿರುವುದಿಲ್ಲ.

ಅದೇ ಬಿಗಿತ ಕೂತಲ್ಲೇ, ಮಲಗಿದಲ್ಲೇ ಬಂದು ಹದಿನೈದು ಇಪ್ಪತ್ತು ನಿಮಿಷವಾದರೂ ಬಿಡದೆ, ತಣ್ಣನೆಯ ಬೆವರು ಕಿತ್ತುಕೊಂಡು ಬಂದರೆ ಅದನ್ನು ಹೃದಯಾಘಾತವೆಂದೇ ತಿಳಿದು ಹೊರಡಬೇಕು. ಇಲ್ಲಿ ಮಾತಿನ ಒಂದು ತೊಡಕಿದೆ. ‘ನೋವಿದೆಯಾ?’ ಎಂದು ಕೇಳಿದರೆ ಅನೇಕರು ‘ಇಲ್ಲ’ ಎನ್ನುತ್ತಾರೆ. ‘ಏನೋ ಒಂಥರಾ ಸಂಕಟ’, ‘ಎದೆ ಮೇಲೆ ಭಾರ ಇಟ್ಟಂಗೆ’ ಎನ್ನುತ್ತಾರೆ. ಹೇಳುವಾಗ ಮುಷ್ಟಿ ಬಿಗಿದು ಎದೆಯ ನಡುವೆ ಒತ್ತಿ ತೋರಿಸುವುದೂ ಉಂಟು. ಈ ಮುಷ್ಟಿಯನ್ನು ಗಮನಿಸಿದ ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಲೆವೈನ್ ಅವರ ಹೆಸರು ಆ ಸನ್ನೆಗೇ ಅಂಟಿಕೊಂಡಿದೆ. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ ಇಷ್ಟೂ ಇರದೆ ಬರೀ ಏದುಸಿರು, ಸುಸ್ತು, ಬೆವರು ಮಾತ್ರ ಕಾಣಬಹುದು. ಹೆಂಗಸರಲ್ಲೂ ಹೀಗಾಗುವುದುಂಟು. ‘ಕೆಲಸ ಜಾಸ್ತಿಯಾಯ್ತು, ಮಲಗಿದರೆ ಸರಿಹೋಗುತ್ತೆ’ ಎಂದು ಅವರ ಸುಸ್ತನ್ನು ಮನೆಯವರೂ ಅವರೂ ಸೇರಿ ತಳ್ಳಿಹಾಕುತ್ತಾರೆ.

ಜೀವ ತೆಗೆಯುವ ಎದೆನೋವೆಲ್ಲ ಹೃದಯದ್ದೇ ಅಲ್ಲ. ಮಹಾಪಧಮನಿಯ ಒಳಪದರ ಸೀಳಿದರೆ ನೋವು ಮೊದಲ ಕ್ಷಣದಲ್ಲೇ ತುತ್ತತುದಿಯಲ್ಲಿರುತ್ತದೆ. ಹರಿದು ಹಾಕಿದಂತೆ ಬೆನ್ನಿಗಿಳಿಯುತ್ತದೆ. ಹೆಚ್ಚಾಗಿ ಬಿಪಿ ಹತೋಟಿಯಲ್ಲಿಲ್ಲದವರಲ್ಲಿ ಕಾಣುವ ಇದರಲ್ಲಿ ಎರಡು ತೋಳುಗಳ ಬಿಪಿಯಲ್ಲಿ ವ್ಯತ್ಯಾಸ ಸಿಗಬಹುದು. ಶಸ್ತ್ರಚಿಕಿತ್ಸೆಯಾಗಿ ಹಾಸಿಗೆ ಹಿಡಿದಿದ್ದವರಿಗೆ, ಗಂಟೆಗಟ್ಟಲೆ ಕೂತು ಪ್ರಯಾಣ ಮಾಡಿದವರಿಗೆ ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ನೋವಿಗಿಂತ ಏದುಸಿರೇ ಮುಂದಾಗಿ ಬರುತ್ತದೆ. ಒಂದು ಮೀನಖಂಡ ಊದಿಕೊಂಡಿದ್ದರೆ ಅನುಮಾನ ಇನ್ನೂ ಗಟ್ಟಿ. ತೆಳ್ಳಗೆ ಎತ್ತರಕ್ಕಿರುವ ಹುಡುಗನಿಗೆ ಇದ್ದಕ್ಕಿದ್ದಂತೆ ಒಂದೇ ಬದಿ ಚುಚ್ಚಿ ಉಸಿರು ಸಿಕ್ಕಿಕೊಂಡರೆ ಶ್ವಾಸಕೋಶದ ಗಾಳಿ ಸೋರಿರಬಹುದು. ಈ ಯಾವುದನ್ನೂ ಮನೆಯಲ್ಲಿ ಬೇರ್ಪಡಿಸಬೇಕಾಗಿಲ್ಲ. ಆಸ್ಪತ್ರೆಗೆ ಹೋಗಲೇಬೇಕು ಎಂದು ಗೊತ್ತಾದರೆ ಸಾಕು.

ಉಳಿದವು ಅಷ್ಟು ಅವಸರದವಲ್ಲ. ಉಸಿರೆಳೆದಾಗ, ಕೆಮ್ಮಿದಾಗ ಚುಚ್ಚುವುದು, ಜೊತೆಗೆ ಜ್ವರ, ಕಫ ಇದ್ದರೆ ಶ್ವಾಸಕೋಶದ ಸೋಂಕು. ಮಲಗಿದರೆ ಹೆಚ್ಚಾಗಿ, ಮುಂದಕ್ಕೆ ಬಾಗಿ ಕೂತರೆ ಇಳಿಯುವುದು ಹೃದಯದ ಹೊರಪೊರೆಯ ಉರಿಯೂತವಿರಬಹುದು, ಅದನ್ನು ವೈದ್ಯರೇ ನೋಡಬೇಕು. ಊಟವಾಗಿ ಮಲಗಿದೊಡನೆ ಉರಿಯುತ್ತ ಗಂಟಲಿಗೆ ಹುಳಿ ಬರುವುದು ಆಮ್ಲದ್ದು. ಎದೆಯ ಒಂದೇ ಬದಿಗೆ ಪಟ್ಟಿ ಕಟ್ಟಿದಂತೆ ಎರಡು ಮೂರು ದಿನ ಉರಿದು, ಆಮೇಲೆ ಗುಳ್ಳೆ ಎದ್ದರೆ ಅದು ಸರ್ಪಸುತ್ತು. ಬೆರಳಿಟ್ಟು ಒತ್ತಿದಲ್ಲೇ ನೋವಾದರೆ ಪಕ್ಕೆಲುಬಿನ ಕೀಲು ಅಥವಾ ಸ್ನಾಯುವಿನದ್ದು ಎನ್ನುತ್ತಾರೆ, ಬಹುಮಟ್ಟಿಗೆ ನಿಜ. ಆದರೆ ಹೃದಯಾಘಾತವಾದ ಕೆಲವರಿಗೂ ಒತ್ತಿದರೆ ನೋಯುತ್ತದೆ. ಗಾಬರಿಯಿಂದ ಬರುವ ಎದೆನೋವೂ ನಿಜವಾದ ನೋವೇ. ಬೆರಳು ಜುಮ್ಮೆನ್ನುತ್ತದೆ, ಸತ್ತೇಹೋಗುತ್ತೇನೆ ಎನಿಸುತ್ತದೆ. ಆದರೆ ‘ಟೆನ್ಷನ್ ಅಷ್ಟೇ’ ಎಂಬ ಮಾತು ಬೇರೆಲ್ಲ ಪರೀಕ್ಷೆಗಳಾದ ಮೇಲೆ ಬರಬೇಕು, ಮೊದಲೇ ಅಲ್ಲ.

2021ರ ಅಕ್ಟೋಬರ್‌ನಲ್ಲಿ ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ, ಮತ್ತೆ 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲು ಬೆಳೆಯಿತು. ಭಯ ಅರ್ಥವಾಗುವಂಥದ್ದೇ. ಆದರೆ ಯಾವ ತೊಂದರೆಯೂ ಇಲ್ಲದಾಗ ಮಲಗಿ ತೆಗೆಸಿದ ಇಸಿಜಿ ಮುಂದಿನ ತಿಂಗಳ ಬಗ್ಗೆ ಹೆಚ್ಚೇನೂ ಹೇಳಲಾರದು. ಬಿಪಿ, ಸಕ್ಕರೆ, ಕೊಲೆಸ್ಟರಾಲ್, ಬೀಡಿ ಸಿಗರೇಟಿನ ಚಟ ಇದಕ್ಕಿಂತ ಹೆಚ್ಚು ಹೇಳುತ್ತವೆ. ನೋವಿರುವಾಗಲೇ ತೆಗೆದ ಇಸಿಜಿಯ ಬೆಲೆಯೇ ಬೇರೆ. ಅದಕ್ಕೆ ಊರು ಬಿಟ್ಟು ದೂರ ಹೋಗಬೇಕಾಗಿಲ್ಲ: ಪುನೀತ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುವ ಏರ್ಪಾಡಿದೆ. ಈ ಮದ್ದಿನ ಫಲ ಹೆಚ್ಚಾಗಿ ಸಿಗುವುದು ಮೊದಲ ಎರಡು ಮೂರು ಗಂಟೆಗಳಲ್ಲಿ.

ಅನುಮಾನ ಬಂದರೆ 108ಕ್ಕೆ ಕರೆ ಮಾಡಿ. ನೋವಿರುವವರು ತಾವೇ ಬೈಕ್ ಓಡಿಸಿಕೊಂಡು ಹೋಗಬಾರದು. ಆಸ್ಪಿರಿನ್ ಒಗ್ಗದವರು, ರಕ್ತಸ್ರಾವದ ತೊಂದರೆ ಇರುವವರು, ನೋವು ಸೀಳಿದಂತೆ ಬೆನ್ನಿಗಿಳಿಯುತ್ತಿರುವವರು ಇವರನ್ನು ಬಿಟ್ಟು ಉಳಿದವರು 300 ಮಿಲಿಗ್ರಾಂನಷ್ಟು ಆಸ್ಪಿರಿನ್ ಅಗಿದು ನುಂಗಬಹುದು. ನಾಲಗೆಯಡಿ ಇಡಲು ಪಕ್ಕದ ಮನೆಯವರ ಸಾರ್ಬಿಟ್ರೇಟ್ ಮಾತ್ರೆ ಬೇಡ, ಬಿಪಿ ಕುಸಿದೀತು. ಜೋರಾಗಿ ಕೆಮ್ಮಿದರೆ ಹೃದಯಾಘಾತ ತಡೆಯಬಹುದು ಎಂದು ವಾಟ್ಸ್ಆ್ಯಪ್‌ನಲ್ಲಿ ಸುತ್ತುವ ಸಲಹೆಯಲ್ಲಿ ಹುರುಳಿಲ್ಲ.

ಮೊದಲ ಇಸಿಜಿ ಸರಿಯಿದ್ದರೂ ಕೆಲಸ ಮುಗಿದಿರುವುದಿಲ್ಲ. ಆಘಾತದ ಆರಂಭದಲ್ಲಿ ಅದು ಸಹಜವಾಗಿ ಕಾಣಬಹುದು. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಟ್ರೋಪೋನಿನ್ ಏರಿದ್ದು ಗೊತ್ತಾಗಲು ಕೆಲವು ಗಂಟೆ ಹಿಡಿಯಬಹುದು. ‘ಇನ್ನೊಮ್ಮೆ ಇಸಿಜಿ ಯಾವಾಗ? ರಕ್ತಪರೀಕ್ಷೆ ಆಯಿತೇ?’ ಎಂದು ಕೇಳಲು ಸಂಕೋಚಪಡಬೇಡಿ. ಮನೆಗೆ ಕಳುಹಿಸಿದ ಮೇಲೂ ನೋವು ಮರುಕಳಿಸಿದರೆ ತಿರುಗಿ ಹೋಗಿ. ಹೋಗುವಾಗ ಹಳೆಯ ಇಸಿಜಿ ಕಾಗದ ಕೈಯಲ್ಲಿರಲಿ: ಹೊಸದರಲ್ಲಿ ಏನು ಬದಲಾಗಿದೆ ಎಂದು ವೈದ್ಯರು ನೋಡುವುದು ಅದರ ಪಕ್ಕದಲ್ಲಿಟ್ಟೇ.