ಕಲಿ, ಕಲಿಕೆ, ಕಲಿಸು: ಇಂಗ್ಲಿಷ್ ಪದರೂಪಗಳ ಅಭ್ಯಾಸ

ದೆಹಲಿ ಮೆಟ್ರೊದಲ್ಲಿ ನಿಲ್ದಾಣ ಹತ್ತಿರವಾದಾಗ ಧ್ವನಿವರ್ಧಕ ಎರಡು ಭಾಷೆಯಲ್ಲಿ ಮಾತಾಡುತ್ತದೆ. ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ಹೇಳುವಾಗ ಹಿಂದಿಯಲ್ಲಿ ‘ಖುಲೇಂಗೇ’ ಎಂಬ ಪದ ಬರುತ್ತದೆ, ಇಂಗ್ಲಿಷಿನಲ್ಲಿ ‘ವಿಲ್ ಓಪನ್’. ಈಗ ಹಿಂದಿನ ವಾಕ್ಯವನ್ನು ಇನ್ನೊಮ್ಮೆ ಓದಿ. ನಾನು ಬರೆದದ್ದು ‘ತೆರೆಯುತ್ತದೆ’. ಬಾಗಿಲು ದಿನಾ ತೆರೆಯುತ್ತದೆ ಎನ್ನುವಾಗಲೂ ಅದೇ ಪದ, ಇನ್ನೊಂದು ನಿಮಿಷದಲ್ಲಿ ತೆರೆಯುತ್ತದೆ ಎನ್ನುವಾಗಲೂ ಅದೇ. ‘ತೆರೆಯುವುದು’ ಎಂಬ ಭವಿಷ್ಯದ ರೂಪ ನಮ್ಮ ವ್ಯಾಕರಣದ ಪುಸ್ತಕದಲ್ಲಿದೆ, ಆದರೆ ಇವತ್ತಿನ ಮಾತಿನಲ್ಲಿ ಅದು ಅಪರೂಪ.

ಕನ್ನಡದ ಹುಡುಗನೊಬ್ಬ ‘ಐ ಗೋ ಟು ಗುರುಗ್ರಾಮ್ ಟುಮಾರೊ’ ಎಂದಾಗ ನಿಜವಾಗಿ ಆಗುವುದು ಇದು. ಅವನಿಗೆ ವ್ಯಾಕರಣ ಬರುವುದಿಲ್ಲ ಎಂದಲ್ಲ, ‘ನಾಳೆ ಹೋಗುತ್ತೇನೆ’ ಎಂಬ ಸರಿಯಾದ ಕನ್ನಡ ವ್ಯಾಕರಣ ಅವನ ಇಂಗ್ಲಿಷಿನೊಳಗೆ ಕೆಲಸ ಮಾಡುತ್ತಿದೆ. ತಪ್ಪು ಎಲ್ಲಿಂದ ಬಂತೆಂದು ಗೊತ್ತಿದ್ದರೆ ಅದನ್ನು ಅಲ್ಲೇ ಹಿಡಿಯಬಹುದು.

ಈ ಅಧ್ಯಾಯವನ್ನು ಮುಖ್ಯವಾಗಿ ಓಲ್ಡ್ ರಾಜಿಂದರ್ ನಗರ, ಮುಖರ್ಜಿ ನಗರಗಳ ಬಾಡಿಗೆ ಕೋಣೆಗಳಲ್ಲಿ ಕೂತು ಓದುತ್ತಿರುವ ಕನ್ನಡ ಮಾಧ್ಯಮದ ಮಕ್ಕಳನ್ನು ನೆನೆದು ಬರೆಯುತ್ತಿದ್ದೇನೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಆದರೂ 300 ಅಂಕದ ಇಂಗ್ಲಿಷ್ ಅರ್ಹತಾ ಪತ್ರಿಕೆಯಲ್ಲಿ ಶೇ. 25ರಷ್ಟು, ಎಂದರೆ 75 ಅಂಕ ಬರದಿದ್ದರೆ ನೀವು ಕನ್ನಡದಲ್ಲಿ ಚೆನ್ನಾಗಿ ಬರೆದ ಪ್ರಬಂಧಕ್ಕೂ ಸಾಮಾನ್ಯ ಅಧ್ಯಯನಕ್ಕೂ ಅಂಕವೇ ಸಿಗುವುದಿಲ್ಲ. ಎಸ್‌ಎಸ್‌ಸಿಯ ಪದವೀಧರ ಮಟ್ಟದ ಪರೀಕ್ಷೆಯಲ್ಲಂತೂ ಮೊದಲ ಹಂತದ 100 ಪ್ರಶ್ನೆಗಳಲ್ಲಿ 25 ಇಂಗ್ಲಿಷಿನವು, ಒಂದೊಂದು ತಪ್ಪಿಗೂ ಅರ್ಧ ಅಂಕ ಕಡಿತ.

ಇವರ ಮೇಜಿನ ಮೇಲೆ ಬಹುಪಾಲು ಇರುವುದು ರೆನ್ ಮತ್ತು ಮಾರ್ಟಿನ್. ಸಾಹಸ ಕಾದಂಬರಿ ‘ಬೋ ಜೆಸ್ಟ್’ ಬರೆದ ಪಿ.ಸಿ. ರೆನ್ ಅವರೇ ಇದರ ಒಬ್ಬ ಕರ್ತೃ. 1930ರ ದಶಕದ ಈ ಪುಸ್ತಕವನ್ನು ಈಗ ಪ್ರಕಟಿಸುತ್ತಿರುವುದು ದೆಹಲಿಯ ಎಸ್. ಚಾಂದ್ ಸಂಸ್ಥೆ. ದರಿಯಾಗಂಜ್ ಫುಟ್‌ಪಾತಿನಿಂದ 2019ರಲ್ಲಿ ಮಹಿಳಾ ಹಾಟ್‌ಗೆ ಹೋದ ಭಾನುವಾರದ ಪುಸ್ತಕ ಸಂತೆಯಲ್ಲಿ ಹಳೆಯ ಪ್ರತಿಗಾಗಿ ಹುಡುಕಿ. ನಿಯಮವೊಂದನ್ನು ತೆರೆದು ನೋಡಲು ಅದು ಒಳ್ಳೆಯ ಪುಸ್ತಕ. ಅಭ್ಯಾಸಕ್ಕೆ ಅದೊಂದೇ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಬಿಟ್ಟ ಸ್ಥಳ ತುಂಬುವಾಗ ವಾಕ್ಯ ಬೇರೆಯವರದು, ವಿಷಯ ಬೇರೆಯವರದು. ನೀವು ಹಾಕುವುದು ಒಂದು ಪದ ಮಾತ್ರ, ಪುಟ ಮಗುಚಿದ ಮೇಲೆ ಅದೂ ಉಳಿಯುವುದಿಲ್ಲ.

ಪದರೂಪಗಳ ವಿಷಯಕ್ಕೆ ಬಂದರೆ ಕನ್ನಡಿಗರ ಕೈಯಲ್ಲಿ ದೊಡ್ಡ ಬಂಡವಾಳವೇ ಇದೆ. 13ನೇ ಶತಮಾನದಲ್ಲೇ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಧಾತುವಿಗೊಂದು, ತದ್ಧಿತಕ್ಕೊಂದು, ಆಖ್ಯಾತಕ್ಕೊಂದು ಪ್ರಕರಣ ಮಾಡಿದ್ದ. ಶಾಲೆಯಲ್ಲಿ ಕೃದಂತ, ತದ್ಧಿತಾಂತ ಎಂದು ಬಾಯಿಪಾಠ ಮಾಡಿದ್ದು ನೆನಪಿದೆಯಲ್ಲ? ಕಲಿ, ಕಲಿಕೆ, ಕಲಿಸು. ನಂಬು, ನಂಬಿಕೆ, ನಂಬಿಗಸ್ತ. ಬಡವ, ಬಡತನ. ಇಂಗ್ಲಿಷಿನ ‘ಡಿಸೈಡ್, ಡಿಸಿಷನ್, ಡಿಸೈಸಿವ್, ಡಿಸೈಸಿವ್ಲಿ’ ಇಂಥದ್ದೇ ಒಂದು ಮನೆತನ. ‘ಜಾಣತನ’ದ ‘ತನ’ ಮಾಡುವ ಕೆಲಸವನ್ನೇ ‘ಕೈಂಡ್‌ನೆಸ್’ನ ‘ನೆಸ್’ ಮಾಡುತ್ತದೆ.

ಪ್ರತ್ಯಯಗಳು ಎಲ್ಲ ಕಡೆಗೂ ಒಂದೇ ಥರ ಹತ್ತುವುದಿಲ್ಲ ಎಂದು ಇಂಗ್ಲಿಷನ್ನು ದೂರುವವರು ಕನ್ನಡವನ್ನೊಮ್ಮೆ ನೋಡಬೇಕು. ಆಡು, ಆಟ. ಓಡು, ಓಟ. ನೋಡು, ನೋಟ. ಆದರೆ ‘ಹಾಡು’ ಹಾಡಾಗಿಯೇ ಉಳಿಯಿತು, ‘ಕೊಡು’ ‘ಕೊಡುಗೆ’ಯಾಯಿತು. ‘ಮಾಡು’ವಿನಿಂದ ‘ಮಾಟ’ ಬಂತು, ಆದರೆ ಯಾರಾದರೂ ಮಾಟ ಮಾಡಿದರು ಎಂದರೆ ಮನೆಮಂದಿ ಹೆದರುತ್ತಾರೆ! ಒಂದೇ ಮನೆಯ ಮಕ್ಕಳು ಅರ್ಥದಲ್ಲಿ ದೂರ ಹೋಗುವುದು ಹೀಗೆ. ಇಂಗ್ಲಿಷಿನ ‘ಅಪ್ಲೈ’ಗೂ ಇಬ್ಬರು ಮಕ್ಕಳಿದ್ದಾರೆ. ‘ಅಪ್ಲಿಕೇಶನ್’ ಎಂದರೆ ಅರ್ಜಿ, ‘ಅಪ್ಲಯನ್ಸ್’ ಎಂದರೆ ಅಡುಗೆಮನೆಯ ಮಿಕ್ಸಿ.

ಭೂತಕಾಲದ ಕಥೆಯೂ ಅಷ್ಟೆ. ‘ಗೋ’ ಹೋಗಿ ‘ವೆಂಟ್’ ಏಕಾಯಿತು ಎಂದು ಕೇಳುವ ನಾವು ‘ಬಾ’ ಹೋಗಿ ‘ಬಂದ’, ‘ಸಾಯು’ ಹೋಗಿ ‘ಸತ್ತ’, ‘ಕೀಳು’ ಹೋಗಿ ‘ಕಿತ್ತ’ ಏಕಾಯಿತು ಎಂದು ಕೇಳುವುದಿಲ್ಲ. ಎರಡೂ ಭಾಷೆಗಳಲ್ಲಿ ದಿನಬಳಕೆಯ ಹಳೆಯ ಕ್ರಿಯಾಪದಗಳೇ ಹೆಚ್ಚು ವಕ್ರ, ಹೊಸದಾಗಿ ಬಂದವು ಸಾಧು. ಕನ್ನಡ ಹೊಸಬರಿಗೆಲ್ಲ ‘ಇಸು’ ಹಚ್ಚುತ್ತದೆ, ಇಂಗ್ಲಿಷ್ ‘ಗೂಗಲ್’ಗೆ ‘ಡ್’ ಹಚ್ಚಿ ‘ಗೂಗಲ್ಡ್’ ಎನ್ನುತ್ತದೆ. ವಕ್ರವಾದವುಗಳನ್ನು ಬಳಸಿಯೇ ಕಲಿಯಬೇಕು, ಉಳಿದವಕ್ಕೆ ನಿಯಮ ಸಾಕು. ನಿಯಮ ಮನಸ್ಸಿನೊಳಗೆ ನಿಜವಾಗಿ ಇರುತ್ತದೆ ಎಂಬುದನ್ನು 1958ರಲ್ಲಿ ಜೀನ್ ಬರ್ಕೊ ಎಂಬ ಅಮೆರಿಕದ ವಿದುಷಿ ತೋರಿಸಿದರು. ಹಕ್ಕಿಯಂಥ ಒಂದು ಚಿತ್ರ ಬರೆದು ‘ಇದು ವಗ್’ ಎಂದರು. ಅಂಥ ಎರಡನ್ನು ತೋರಿಸಿದಾಗ ಆ ಪದವನ್ನು ಹಿಂದೆಂದೂ ಕೇಳದ ಪುಟ್ಟ ಮಕ್ಕಳು ‘ವಗ್ಸ್’ ಎಂದರು. ‘ಮೆಟ್ರೊಗೆ’, ‘ಮೆಟ್ರೊದಲ್ಲಿ’ ಎನ್ನುವುದನ್ನು ನಿಮಗೂ ಯಾರೂ ಹೇಳಿಕೊಡಲಿಲ್ಲ.

ದೆಹಲಿಯಲ್ಲಿ ಇಂಗ್ಲಿಷ್ ಕಲಿಯುವವರಿಗೆ ಒಂದು ವಿಶೇಷ ತೊಡಕಿದೆ. ‘ನಿನ್ನೆ ಕನಾಟ್ ಪ್ಲೇಸಿಗೆ ಹೋಗಿದ್ದೆ’ ಎಂಬುದನ್ನು ನಾವು ‘ಐ ಹ್ಯಾಡ್ ಗಾನ್’ ಎನ್ನುತ್ತೇವೆ. ಇಂಗ್ಲಿಷಿಗೆ ಅಲ್ಲಿ ಬೇಕಾದದ್ದು ಬರೀ ‘ವೆಂಟ್’. ‘ಹ್ಯಾಡ್ ಗಾನ್’ ಬರಬೇಕಾದರೆ ಅದಾದ ಮೇಲೆ ನಡೆದ ಇನ್ನೊಂದು ಘಟನೆ ಜೊತೆಗಿರಬೇಕು: ನೀವು ಬರುವಷ್ಟರಲ್ಲಿ ನಾನು ಹೋಗಿದ್ದೆ ಎಂಬ ಹಾಗೆ. ಆದರೆ ಪಕ್ಕದ ಕೋಣೆಯ ಹಿಂದಿ ಗೆಳೆಯ ‘ಗಯಾ ಥಾ’ ಎನ್ನುವವನು, ಅವನೂ ‘ಹ್ಯಾಡ್ ಗಾನ್’ ಎಂದೇ ಹೇಳುತ್ತಾನೆ. ಹಿಂದಿಗೂ ಕನ್ನಡಕ್ಕೂ ಸಮಾನವಾದ ತಪ್ಪು ಈ ಊರಿನಲ್ಲಿ ಯಾರ ಕಿವಿಗೂ ಚುಚ್ಚುವುದಿಲ್ಲ. ಕನ್ನಡದ್ದೇ ಆದ ‘ಐ ಗೋ ಟುಮಾರೊ’ ಮಾತ್ರ ಬೇಗ ಸಿಕ್ಕಿಬಿದ್ದು ನಗೆಗೀಡಾಗುತ್ತದೆ. ಹಾಗಾಗಿ ಗೆಳೆಯರು ನಕ್ಕ ತಪ್ಪಿಗಿಂತ ಅವರು ಸುಮ್ಮನೆ ಒಪ್ಪಿಕೊಂಡ ತಪ್ಪಿನ ಮೇಲೆ ಹೆಚ್ಚು ಕಣ್ಣಿಡಿ.

‘ಎ’ ಮತ್ತು ‘ದ’ಗಳದ್ದೂ ಇದೇ ಪಾಡು, ಎರಡು ಭಾಷೆಗೂ ಅವು ಹೊರಗಿನವು. ಕನ್ನಡದಲ್ಲಿ ಒಂದು ಸುಳಿವು ಸಿಗುತ್ತದೆ. ‘ಪುಸ್ತಕ ತಂದೆ’ ಎಂದರೆ ಯಾವುದೋ ಪುಸ್ತಕ, ‘ಪುಸ್ತಕವನ್ನು ತಂದೆ’ ಎಂದರೆ ನಿಮಗೂ ನನಗೂ ಗೊತ್ತಿರುವ ಪುಸ್ತಕ ಎಂಬ ಛಾಯೆ. ಆ ‘ಅನ್ನು’ ನಾಲಗೆಗೆ ಬರುವ ಕಡೆ ಇಂಗ್ಲಿಷಿನಲ್ಲಿ ‘ದ’ ಬೇಕೇನೋ ಎಂದು ಒಮ್ಮೆ ಯೋಚಿಸಿ. ಇದು ಸುಳಿವು ಅಷ್ಟೆ, ಇದನ್ನೇ ನಿಯಮ ಮಾಡಿಕೊಳ್ಳಬೇಡಿ.

ಅಭ್ಯಾಸ ಹೇಗೆ ಮಾಡಬೇಕು? 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ದಕ್ಷಿಣ ಭಾರತದ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಬೆಂಗಳೂರು ಯೋಜನೆ ಎಂದೇ ಅದು ಜಗತ್ತಿನ ಭಾಷಾ ಶಿಕ್ಷಕರಿಗೆ ಪರಿಚಿತ. ತರಗತಿಯಲ್ಲಿ ವ್ಯಾಕರಣದ ಪಾಠವಿಲ್ಲ. ಮಕ್ಕಳಿಗೆ ವೇಳಾಪಟ್ಟಿ, ನಕ್ಷೆಗಳಂಥವನ್ನು ಕೊಟ್ಟು ಲೆಕ್ಕ ಬಿಡಿಸಲು ಹೇಳುತ್ತಿದ್ದರು. ಮನಸ್ಸು ಅರ್ಥದ ಮೇಲಿದ್ದಾಗ ವ್ಯಾಕರಣ ತಾನಾಗಿ ಕೂರುತ್ತದೆ ಎಂಬುದು ಅವರ ನಂಬಿಕೆ. ನಾನು ಅದನ್ನು ಅರ್ಧ ಒಪ್ಪುತ್ತೇನೆ. ಎಳೆಯ ಮಕ್ಕಳಿಗೆ ಸರಿ, ಪರೀಕ್ಷೆ ಹತ್ತಿರವಿರುವ ದೊಡ್ಡವರು ರೂಪವನ್ನೂ ಕಣ್ಣಿಟ್ಟು ನೋಡಬೇಕಾಗುತ್ತದೆ. ಆದರೆ ವಾಕ್ಯದಲ್ಲಿ ನಿಜವಾದ ವಿಷಯ ಇರಬೇಕು ಎಂಬುದರಲ್ಲಿ ಅನುಮಾನವಿಲ್ಲ.

ಅದಕ್ಕೇ ದಿನಕ್ಕೆ ಒಂದೇ ಮನೆತನ ಸಾಕು. ‘ಅಪ್ಲೈ’ಯನ್ನೇ ತೆಗೆದುಕೊಳ್ಳಿ. ನಿಮ್ಮ ಈ ವಾರದ ಬದುಕಿನಿಂದಲೇ ಐದು ವಾಕ್ಯ ಬರೆಯಿರಿ: ಯಾವ ಕೆಲಸಕ್ಕೆ ಅರ್ಜಿ ಹಾಕಿದಿರಿ, ಅದು ಏನಾಯಿತು, ಎಷ್ಟು ಜನ ‘ಅಪ್ಲಿಕಂಟ್ಸ್’ ಇದ್ದರು, ಮನೆ ಮಾಲೀಕರ ಯಾವ ನಿಯಮ ನಿಮಗೆ ‘ಅಪ್ಲಿಕಬಲ್’ ಅಲ್ಲ. ಬರೆಯುತ್ತಿರುವಾಗಲೇ ಒಂದು ಸಂಗತಿ ಎದುರಾಗುತ್ತದೆ. ಕನ್ನಡದಲ್ಲಿ ‘ಕೆಲಸಕ್ಕೆ’ ಅರ್ಜಿ, ‘ಕಚೇರಿಗೆ’ ಅರ್ಜಿ, ಎರಡಕ್ಕೂ ಚತುರ್ಥಿಯೇ. ಇಂಗ್ಲಿಷ್ ಅದನ್ನು ಒಡೆದು ಕೆಲಸಕ್ಕೆ ‘ಫಾರ್’, ಕಚೇರಿಗೆ ‘ಟು’ ಎನ್ನುತ್ತದೆ. ಸ್ವಂತ ಅರ್ಜಿಯ ವಾಕ್ಯದಲ್ಲಿ ಒಮ್ಮೆ ಸರಿಮಾಡಿಕೊಂಡ ‘ಫಾರ್’ ಮರೆಯುವುದು ಕಷ್ಟ. ಬರೆದದ್ದನ್ನು ರೆನ್ ಮತ್ತು ಮಾರ್ಟಿನ್ ಜೊತೆ, ಒಂದು ಒಳ್ಳೆಯ ನಿಘಂಟಿನ ಜೊತೆ ಆಮೇಲೆ ಹೋಲಿಸಿ.

ಮುಂದಿನ ಹೆಜ್ಜೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಹೊಸದಾಗಿ ಕಲಿತದ್ದು ಮೊದಲ ದಿನಗಳಲ್ಲೇ ಬಹಳ ಬೇಗ ಮರೆತುಹೋಗುತ್ತದೆ ಎಂದು ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ಪ್ರಯೋಗ ಮಾಡಿಕೊಂಡು ಬರೆದಿಟ್ಟ. ಮರೆಯುವ ಅಂಚಿನಲ್ಲಿ ನೆನಪಿಸಿಕೊಂಡದ್ದು ಹೆಚ್ಚು ಕಾಲ ನಿಲ್ಲುತ್ತದೆ. ಆದ್ದರಿಂದ ಪುಟದ ಮೇಲೆ ತಾರೀಖು ಹಾಕಿ. ಮೂರನೇ ದಿನ, ಹತ್ತನೇ ದಿನ, ತಿಂಗಳಿಗೊಮ್ಮೆ ಪುಟ ಮುಚ್ಚಿಟ್ಟುಕೊಂಡು ಆ ಐದು ವಾಕ್ಯಗಳನ್ನು ಮತ್ತೆ ಬರೆಯಿರಿ. ನೋಡಿ ಓದುವುದು ಲೆಕ್ಕಕ್ಕಿಲ್ಲ, ನೋಡದೆ ಬರೆಯಬೇಕು.

ಇವತ್ತು ರಾತ್ರಿ ‘ಡಿಸೈಡ್’ನಿಂದ ಶುರುಮಾಡಿ. ಮನೆ ಬಿಟ್ಟು ದೆಹಲಿಗೆ ಬರಬೇಕೆಂದು ನೀವು ಮಾಡಿದ ನಿರ್ಧಾರದ ಬಗ್ಗೆ ಐದು ವಾಕ್ಯ ಬರೆದು, ಕೆಳಗೆ ತಾರೀಖು ಹಾಕಿ ಮಲಗಿ.