ಹಗಲು ಪ್ರವಾಸಿಗರಿಗೆ, ರಾತ್ರಿ ಕಡಲಾಮೆಗೆ

ಗ್ರೀಸ್ ದೇಶದ ಪಶ್ಚಿಮಕ್ಕೆ, ಮೆಡಿಟರೇನಿಯನ್ ಸಮುದ್ರದ ಭಾಗವಾದ ಅಯೋನಿಯನ್ ಕಡಲಿನಲ್ಲಿ ಝಾಕಿಂಥೋಸ್ ಎಂಬ ದ್ವೀಪವಿದೆ. ವಿಸ್ತೀರ್ಣ ಸುಮಾರು 400 ಚದರ ಕಿಲೋಮೀಟರ್. ಆಲಿವ್ ತೋಪು, ದ್ರಾಕ್ಷಿ ತೋಟಗಳ ಈ ದ್ವೀಪದ ದಕ್ಷಿಣಕ್ಕೆ ಬಿಲ್ಲಿನಂತೆ ಬಾಗಿದ ಒಂದು ಕೊಲ್ಲಿ. ಅದರ ದಡದ ಊರೇ ಲಗಾನಾಸ್.

ಬೇಸಿಗೆ ಬಂತೆಂದರೆ ಇಲ್ಲಿ ಜಾತ್ರೆ. ಬ್ರಿಟನ್ ಮೊದಲಾದ ದೇಶಗಳಿಂದ ಜನ ವಿಮಾನವೇರಿ ಬಂದಿಳಿಯುತ್ತಾರೆ. ದಡದುದ್ದಕ್ಕೂ ಹೋಟೆಲು, ಸಂಗೀತ, ಬಣ್ಣದ ದೀಪ. ಮೆಡಿಟರೇನಿಯನ್ ಸಮುದ್ರ ಅಟ್ಲಾಂಟಿಕ್‌ಗೆ ಕೂಡಿಕೊಳ್ಳುವುದು ಜಿಬ್ರಾಲ್ಟರಿನ ಕಿರಿದಾದ ಜಲಸಂಧಿಯಲ್ಲಿ. ಹಾಗಾಗಿ ಇಲ್ಲಿ ಉಬ್ಬರವಿಳಿತ ತೀರ ಕಡಿಮೆ. ಬೆಚ್ಚಗಿನ, ಆಳವಿಲ್ಲದ ನೀರು, ನಯವಾದ ಮರಳು. ಈಜುವವರಿಗೆ ಇನ್ನೇನು ಬೇಕು?

ಆದರೆ ಇದೇ ಮರಳು ಇನ್ನೊಬ್ಬರಿಗೂ ಬೇಕು! ಲಾಗರ್‌ಹೆಡ್ ಕಡಲಾಮೆ ಇಲ್ಲಿನ ಹಳೆಯ ಅತಿಥಿ. ಶಾಸ್ತ್ರೀಯ ಹೆಸರು ಕರೆಟ್ಟಾ ಕರೆಟ್ಟಾ. ಹುಟ್ಟಿದ ಮರಿ ಪ್ರಾಯಕ್ಕೆ ಬರಲು ಎರಡು ದಶಕಗಳಿಗೂ ಹೆಚ್ಚು ಕಾಲ ಬೇಕು. ಆಗ ಅದು ತಾನು ಹುಟ್ಟಿದ ಸೀಮೆಯ ದಡವನ್ನೇ ಹುಡುಕಿಕೊಂಡು ಬರುತ್ತದೆ. ದಾರಿ ಹಿಡಿಯಲು ಭೂಮಿಯ ಕಾಂತಕ್ಷೇತ್ರ ನೆರವಾಗುತ್ತದೆ ಎನ್ನುತ್ತಾರೆ ವಿಜ್ಞಾನಿಗಳು. ರಾತ್ರಿ ದಡವೇರಿ, ಹಿಂಗಾಲುಗಳಿಂದ ಗುಂಡಿ ತೋಡಿ, ನೂರರಷ್ಟು ಮೊಟ್ಟೆಯಿಟ್ಟು, ಮರಳು ಮುಚ್ಚಿ ಕಡಲಿಗೆ ಮರಳುತ್ತದೆ. ಮುಂದಿನದೆಲ್ಲ ಬಿಸಿಲಿನ ಪಾಲು.

ಇಲ್ಲೊಂದು ಸೋಜಿಗ. ಮನುಷ್ಯರಲ್ಲಿ ಮಗು ಗಂಡೋ ಹೆಣ್ಣೋ ಎಂಬುದನ್ನು ವರ್ಣತಂತುಗಳು ನಿರ್ಧರಿಸಿದರೆ, ಕಡಲಾಮೆಯಲ್ಲಿ ಅದನ್ನು ನಿರ್ಧರಿಸುವುದು ಗೂಡಿನ ಉಷ್ಣತೆ! ಸುಮಾರು 29 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡೂ ಸರಿಸುಮಾರು ಸಮ. ಬಿಸಿ ಏರಿದರೆ ಹೆಣ್ಣು ಹೆಚ್ಚು, ಇಳಿದರೆ ಗಂಡು ಹೆಚ್ಚು. ಭೂಮಿ ಬಿಸಿಯಾಗುತ್ತಿರುವ ಈ ದಿನಗಳಲ್ಲಿ ಇದೂ ಒಂದು ಚಿಂತೆ.

ಸುಮಾರು ಎರಡು ತಿಂಗಳಲ್ಲಿ ಹೊರಬರುವ ಮರಿಗಳಿಗೆ ಗೊತ್ತಿರುವುದು ಒಂದೇ ಪಾಠ: ಬೆಳಕಿನ ಕಡೆಗೆ ನಡೆ. ಕತ್ತಲ ರಾತ್ರಿಯಲ್ಲಿ ನಕ್ಷತ್ರ, ಚಂದ್ರರ ಬೆಳಕನ್ನು ಪ್ರತಿಫಲಿಸುವ ಕಡಲೇ ಹೆಚ್ಚು ಬೆಳ್ಳಗೆ ಕಾಣುತ್ತದೆ. ಹೋಟೆಲಿನ ದೀಪ ಅದಕ್ಕಿಂತ ಪ್ರಖರವಾಗಿದ್ದರೆ? ಮರಿ ಕಡಲಿಗೆ ಬೆನ್ನು ಹಾಕಿ ರಸ್ತೆಯತ್ತ ತೆವಳುತ್ತದೆ. ದಣಿದು, ಒಣಗಿ ಸಾಯುತ್ತದೆ. ಮರಳಿಗೆ ಚುಚ್ಚಿದ ಕೊಡೆಯ ಕೋಲು ಮೊಟ್ಟೆಗಳನ್ನೇ ಒಡೆದೀತು. ವೇಗದ ದೋಣಿಯ ಚಕ್ರ ತಾಯಿಯ ಬೆನ್ನನ್ನೇ ಸೀಳೀತು.

ಹಾಗೆಂದು ಪ್ರವಾಸಿಗರನ್ನು ಬರಬೇಡಿರೆಂದರೆ ಊರವರ ಹೊಟ್ಟೆಪಾಡೇನು? 1999ರಲ್ಲಿ ಇಲ್ಲಿ ರಾಷ್ಟ್ರೀಯ ಸಾಗರ ಉದ್ಯಾನವನ್ನು ಸ್ಥಾಪಿಸಲಾಯಿತು. ಆದರೂ ರಕ್ಷಣೆ ಸಾಲದೆಂದು ಐರೋಪ್ಯ ನ್ಯಾಯಾಲಯ 2002ರಲ್ಲಿ ಗ್ರೀಸ್ ವಿರುದ್ಧ ತೀರ್ಪಿತ್ತಿತು. ಕಾನೂನು ಬರೆದರೆ ಸಾಲದು, ನಡೆಸಲೂ ಬೇಕು ಎಂಬುದು ಅದರ ಸಾರ.

ಈ ಉದ್ಯಾನದ ಸೂತ್ರ ಸರಳ: ಹಗಲು ಜನರಿಗೆ, ರಾತ್ರಿ ಆಮೆಗೆ. ಋತುವಿನಲ್ಲಿ ಗೆರಾಕಾಸ್‌ನಂಥ ಗೂಡುದಡಗಳಿಗೆ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಪ್ರವೇಶವಿಲ್ಲ. ಕೊಡೆ ನೆಡುವುದು ನೀರಂಚಿನಲ್ಲಿ ಮಾತ್ರ. ಕೊಲ್ಲಿಯ ಒಂದು ಭಾಗದಲ್ಲಿ ದೋಣಿಗಳೇ ಇಳಿಯುವಂತಿಲ್ಲ. ಉಳಿದೆಡೆ ವೇಗಕ್ಕೆ ಮಿತಿ. ಗೂಡುಗಳು ಒತ್ತೊತ್ತಾಗಿರುವ ಸೆಕಾನಿಯಾ ದಡವಂತೂ ಪ್ರವಾಸಿಗರಿಗೆ ಪೂರ್ತಿ ನಿಷಿದ್ಧ. 1983ರಲ್ಲಿ ಹುಟ್ಟಿದ ಆರ್ಕೆಲಾನ್ ಸಂಸ್ಥೆಯ ಸ್ವಯಂಸೇವಕರು ಗೂಡುಗಳನ್ನು ಗುರುತಿಸಿ ಕಾಯುತ್ತಾರೆ, ಬಂದವರಿಗೆ ತಿಳಿಹೇಳುತ್ತಾರೆ.

ಶ್ರಮ ವ್ಯರ್ಥವಾಗಿಲ್ಲ. 2015ರ ಅಂತರರಾಷ್ಟ್ರೀಯ ಮೌಲ್ಯಮಾಪನದಲ್ಲಿ ಮೆಡಿಟರೇನಿಯನ್ನಿನ ಲಾಗರ್‌ಹೆಡ್‌ಗಳು ‘ಕಡಿಮೆ ಆತಂಕ’ದ ಪಟ್ಟಿ ಸೇರಿದವು. ಆದರೆ ಅದು ಕಾವಲು ಮುಂದುವರಿದರೆ ಮಾತ್ರ ನಿಲ್ಲುವ ಲಾಭ ಎಂಬ ಎಚ್ಚರಿಕೆಯೂ ಜೊತೆಗಿತ್ತು. ಈ ಬೇಸಿಗೆಯಲ್ಲಿ ದಾರಿ ತಪ್ಪಿದ ಮರಿಯ ಲೆಕ್ಕ ಗೊತ್ತಾಗುವುದು ಎರಡು ದಶಕಗಳ ಮೇಲೆ, ಮೊಟ್ಟೆಯಿಡಲು ತಾಯಿ ಬಾರದಿದ್ದಾಗ. ಸಂಜೆ ಒಂದು ದೀಪ ಆರಿಸುವುದು ಚಿಕ್ಕ ಕೆಲಸವಲ್ಲ!