ಹರಿದದ್ದು ಹೊಲಿದರೆ ಮನೆ, ಉಳಿದದ್ದು ಹಂಚಿದರೆ ಮಹಾಮನೆ

ಸಂಸಾರಕ್ಕೆ ಎರಡು ಕೈಗಳು. ಗಳಿಸುವ ಕೈ ಒಂದು, ಉಳಿಸುವ ಕೈ ಇನ್ನೊಂದು. ಗಳಿಸುವ ಕೈಯನ್ನು ಊರೆಲ್ಲ ಹೊಗಳುತ್ತದೆ. ಉಳಿಸುವ ಕೈ ಒಳಮನೆಯಲ್ಲಿ ಸೂಜಿಗೆ ದಾರ ಪೋಣಿಸುತ್ತ ಕುಳಿತಿರುತ್ತದೆ, ಅದನ್ನು ಯಾರೂ ಕಾಣುವುದಿಲ್ಲ. ಎರಡೂ ಕೈ ಕೂಡಿದಾಗಲೇ ಸಂಸಾರವೆಂಬ ಬಂಡಿ ಸಾಗುತ್ತದೆ. ಒಂದು ಕೈ ತುಂಬಿದ್ದನ್ನು ಇನ್ನೊಂದು ಕೈ ಚೆಲ್ಲುತ್ತ ಹೋದರೆ ಎಂಥ ಹಗೇವೂ ಬರಿದಾಗುತ್ತದೆ.

ಹುಕ್ಕೇರಿ ತಾಲೂಕಿನ ನಿಡಸೋಸಿಯ ಶ್ರೀ ದುರದುಂಡೀಶ್ವರ ಮಠಕ್ಕೆ ನಡೆದುಕೊಳ್ಳುವ ಭಕ್ತರಿಗೆ ದಾಸೋಹದ ಪಂಕ್ತಿಯ ಶಿಸ್ತನ್ನು ಹೊಸದಾಗಿ ಹೇಳಬೇಕಾಗಿಲ್ಲ. ಹಸಿದಷ್ಟು ನೀಡಿಸಿಕೊಳ್ಳಬೇಕು, ನೀಡಿಸಿಕೊಂಡದ್ದನ್ನು ಬಿಡಬಾರದು. ಪ್ರಸಾದದ ಒಂದು ಅಗುಳೂ ಕಾಲಡಿಗೆ ಬೀಳಬಾರದೆಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಈ ಎಚ್ಚರವನ್ನು ಮಠದ ಹೊಸ್ತಿಲಲ್ಲೇ ಬಿಟ್ಟು ಬರದೆ ಮನೆಗೂ ಒಯ್ಯಬೇಕು. ಅಗುಳಿಗೆ ಸಲ್ಲುವ ಮರ್ಯಾದೆ ಅರಿವೆಗೂ ಸಲ್ಲಬೇಕು, ಪಾತ್ರೆಗೂ ಸಲ್ಲಬೇಕು, ಬೆವರು ಸುರಿಸಿ ಗಳಿಸಿದ ರೂಪಾಯಿಗೂ ಸಲ್ಲಬೇಕು. ಕಾಯಕದಿಂದ ಬಂದದ್ದೆಲ್ಲ ಪ್ರಸಾದವೆಂದು ನಂಬಿದವನು ಯಾವುದನ್ನೂ ಸುಮ್ಮನೆ ಚೆಲ್ಲಲಾರ.

ಕೌದಿ ಕಲಿಸುವ ಪಾಠ

ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಈ ಪಾಠ ಕಲಿಸುವ ಗುರು ಹಾಸಿಗೆಯ ಮೇಲೇ ಇದೆ. ಅದೇ ಕೌದಿ. ಅಜ್ಜಿಯ ಸೀರೆ ಹರಿಯಿತು, ಅಪ್ಪನ ಧೋತರ ಸವೆಯಿತು, ಮಗನ ಅಂಗಿ ಗಿಡ್ಡದಾಯಿತು. ಯಾವುದನ್ನೂ ಬಿಸಾಡಲಿಲ್ಲ. ಒಗೆದು, ಒಣಗಿಸಿ, ಗಟ್ಟಿ ಇದ್ದ ಭಾಗವನ್ನು ಕತ್ತರಿಸಿ ಗಂಟು ಕಟ್ಟಿಟ್ಟರು. ಬೇಸಿಗೆಯಲ್ಲಿ ಹೊಲದ ಕೆಲಸ ಕಡಿಮೆಯಾದಾಗ ಪಡಸಾಲೆಯಲ್ಲಿ ಪದರಿನ ಮೇಲೆ ಪದರು ಹಾಸಿ ಅಂಚಿನಿಂದ ಅಂಚಿಗೆ ಸಾಲುಸಾಲಾಗಿ ಹೊಲಿದರು. ನೆರೆಮನೆಯವಳು ಬಂದು ಒಂದು ಮೂಲೆ ಹಿಡಿದಳು, ಗೆಳತಿ ಇನ್ನೊಂದು ಮೂಲೆ ಹಿಡಿದಳು. ಹಾಡಾಯಿತು, ಸುಖದುಃಖದ ಮಾತಾಯಿತು, ಕೌದಿಯೂ ಆಯಿತು. ಹೆರಿಗೆಗೆ ಬಂದ ಮಗಳ ಕೂಸನ್ನು ಮಲಗಿಸಲು ಅದೇ ಮೆತ್ತನೆಯ ಹಳೆಯ ಅರಿವೆ ಬೇಕಾಗುತ್ತದೆ. ಹೊಸ ಬಟ್ಟೆ ಎಳೆಯ ಮೈಗೆ ಒರಟು. ಸವೆದ ಸೀರೆಗೂ ಒಂದು ಹೊತ್ತು ಇದೆಯೆಂದು ತಾಯಂದಿರು ಯಾವ ಶಾಲೆಗೂ ಹೋಗದೆ ತಿಳಿದುಕೊಂಡಿದ್ದರು.

ಇದು ಬಡವರ ಪಾಡು ಎಂದು ಮೂಗು ಮುರಿಯುವವರು ಒಂದು ಮಾತು ಕೇಳಬೇಕು. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಜನಾಂಗದ ತಾಯಂದಿರು ಹಳೆಯ ಅರಿವೆಯಿಂದಲೇ ಹೊಲಿದ ಕೌದಿಗಳು ಇಂದು ಹೊರದೇಶದ ಪ್ರದರ್ಶನಗಳಲ್ಲಿ ಕಲೆಯೆಂದು ಗೌರವ ಪಡೆದಿವೆ. ನಾವು ಅಟ್ಟಕ್ಕೆ ಎಸೆದದ್ದನ್ನು ಜಗತ್ತು ಗೋಡೆಗೆ ತೂಗುಹಾಕಿ ನೋಡುತ್ತಿದೆ.

ಕೌದಿಯ ಪಾಠ ಬಟ್ಟೆಗಷ್ಟೇ ಅಲ್ಲ. ಮಳೆಗಾಲಕ್ಕೆ ಮುಂಚೆ ಒಡೆದ ನಾಲ್ಕು ಹೆಂಚು ಬದಲಿಸಿದರೆ ಜಂತಿ ಉಳಿಯುತ್ತದೆ. ಆ ನಾಲ್ಕು ಹೆಂಚಿಗೆ ಜಿಪುಣತನ ಮಾಡಿದರೆ ನೀರು ಸೋರಿ ಜಂತಿ ಕೊಳೆತು ಮಾಡೇ ಕುಸಿಯುತ್ತದೆ. ಕುಡುಗೋಲು ಮೊಂಡಾದರೆ ಕಮ್ಮಾರನ ಕುಲುಮೆ ಇದೆ. ತಾಮ್ರ, ಹಿತ್ತಾಳೆಯ ಪಾತ್ರೆಗೆ ಕಲಾಯಿ ಹೋಗಿದ್ದರೆ ಅದರಲ್ಲಿ ಹುಳಿ ಪದಾರ್ಥ ಮಾಡಬಾರದು, ಇಡಲೂಬಾರದು. ಹುಳಿ ತಾಕಿ ಲೋಹ ಬಿಟ್ಟುಕೊಂಡು ಊಟ ಕಿಲುಬಾಗುತ್ತದೆ. ಕಲಾಯಿ ಮಾಡಿಸಿದರೆ ಅಜ್ಜಿಯ ಕಾಲದ ಪಾತ್ರೆ ಮೊಮ್ಮಗಳ ಕಾಲಕ್ಕೂ ಬಾಳುತ್ತದೆ. ನಮ್ಮ ದುರಸ್ತಿಯಿಂದ ನಮಗೆ ಉಳಿತಾಯ, ಕಮ್ಮಾರನಿಗೆ, ಬಡಿಗನಿಗೆ, ಚಮ್ಮಾರನಿಗೆ, ದರ್ಜಿಗೆ ಕಾಯಕ. ಹೊಸದನ್ನೇ ಕೊಳ್ಳುತ್ತ ಹೋದರೆ ನಮ್ಮ ದುಡ್ಡು ಎಲ್ಲಿಯೋ ಹೋಗುತ್ತದೆ, ಊರಿನ ಕುಲುಮೆ ಆರುತ್ತದೆ.

ಅಟ್ಟದ ಭಾರ

ಮಹಾನವಮಿ ಹತ್ತಿರ ಬಂದಿತೆಂದರೆ ನಮ್ಮ ಕಡೆ ಮನೆಯ ಹಾಸಿಗೆ ಹೊದಿಕೆಗಳೆಲ್ಲ ಹಳ್ಳ ಹೊಳೆಗೆ ಹೊರಡುತ್ತವೆ. ಹಿರಣ್ಯಕೇಶಿಯ ದಂಡೆಯಾಗಲಿ, ಘಟಪ್ರಭೆಯ ದಂಡೆಯಾಗಲಿ, ಒಗೆದು ಹರವಿದ ಕೌದಿಗಳಿಂದ ಬಣ್ಣಬಣ್ಣವಾಗುತ್ತದೆ. ಗೋಡೆಗೆ ಸುಣ್ಣ, ನೆಲಕ್ಕೆ ಸಾರಣೆ, ಪಾತ್ರೆಗೆ ಹುಣಸೆಹಣ್ಣು. ಇದು ಹಿರಿಯರು ಹಾಕಿಕೊಟ್ಟ ಪದ್ಧತಿ. ಆದರೆ ಅಟ್ಟದ ಮೇಲಿನ ಸಾಮಾನನ್ನು ಕೆಳಗಿಳಿಸಿ, ಧೂಳು ಕೊಡವಿ, ಮತ್ತೆ ಅಟ್ಟಕ್ಕೇ ಏರಿಸಿದರೆ ಧೂಳು ಹೋಯಿತೇ ಹೊರತು ಭಾರ ಹೋಗಲಿಲ್ಲ.

ಈ ಸಲ ಮೂರು ಗುಂಪು ಮಾಡಿ ನೋಡಿರಿ. ದಿನಬಳಕೆಗೆ ಬೇಕಾದದ್ದು ಒಂದು. ದುರಸ್ತಿ ಮಾಡಿದರೆ ಬಳಕೆಗೆ ಬರುವುದು ಎರಡು. ವರ್ಷಗಟ್ಟಲೆ ಕೈ ಮುಟ್ಟದೆ ಇದ್ದದ್ದು ಮೂರು. ಎರಡನೆಯ ಗುಂಪನ್ನು ಆ ವಾರದ ಸಂತೆಯೊಳಗೆ ದುರಸ್ತಿಗೆ ಕಳಿಸಬೇಕು, "ನಾಳೆ ನೋಡೋಣು" ಎಂದರೆ ಅದು ಮೂರನೆಯ ಗುಂಪಿಗೆ ಸೇರಿತೆಂದೇ ತಿಳಿಯಬೇಕು. ಮೂರನೆಯ ಗುಂಪು ನಮ್ಮ ಮನೆಯಲ್ಲಿದ್ದರೂ ಇನ್ನೊಬ್ಬರದು. ಮಗ ಓದಿ ಬಿಟ್ಟ ಪುಸ್ತಕ ಓಣಿಯ ಇನ್ನೊಂದು ಮಗುವಿನದು. ಗಿಡ್ಡದಾದ ಸ್ವೆಟರು ಕಬ್ಬು ಕಡಿಯಲು ಬಂದು ಗುಡಿಸಲಲ್ಲಿ ಚಳಿಗೆ ನಡುಗುವ ಕುಟುಂಬದ ಕೂಸಿನದು. ಹರಿದದ್ದನ್ನು ಹರಿದಂತೆಯೇ ಕೊಡಬಾರದು. ಒಗೆದು, ಗುಂಡಿ ಹಚ್ಚಿ, ಎರಡೂ ಕೈಯಿಂದ ಕೊಡಬೇಕು. ಆಗ ಅದು ದಾಸೋಹ.

ಇಲ್ಲಿ ಹಿರಿಯರಿಗೊಂದು ವಿನಂತಿ. ಉಳಿತಾಯದ ಹೆಸರಿನಲ್ಲಿ ಉಳಿಸಿಕೊಳ್ಳಬಾರದ ವಸ್ತುಗಳೂ ಇವೆ. ಕೀಟನಾಶಕದ ಖಾಲಿ ಡಬ್ಬಿಯನ್ನು ಎಷ್ಟು ತೊಳೆದರೂ ಅದರಲ್ಲಿ ನೀರು, ಎಣ್ಣೆ, ಕಾಳು ತುಂಬಿಡಬಾರದು. ಅವಧಿ ಮುಗಿದ ಗುಳಿಗೆಯನ್ನು "ರೊಕ್ಕ ಕೊಟ್ಟ ತಂದದ್ದು" ಎಂದು ನುಂಗಬಾರದು. ಜೀವಕ್ಕೆ ಕುತ್ತು ತರುವುದು ಮಿತವ್ಯಯವಾಗಲಾರದು.

ಬಿಲ್ಲಿನ ಲೆಕ್ಕ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆ ಕಬ್ಬಿನ ಸೀಮೆ. ನೌಕರನಿಗೆ ತಿಂಗಳಿಗೊಮ್ಮೆ ಸಂಬಳ, ಕಬ್ಬಿನ ರೈತನಿಗೆ ವರ್ಷಕ್ಕೊಮ್ಮೆ ಬಿಲ್ಲು. ಕಬ್ಬು ಒಪ್ಪಿಸಿದ 14 ದಿನಗಳಲ್ಲಿ ಹಣ ಪಾವತಿಯಾಗಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ, ಬರುವುದು ತಡವಾದಾಗ ರೈತ ಪಡುವ ಪಾಡು ಎಲ್ಲರಿಗೂ ಗೊತ್ತು. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರದಲ್ಲಿ ಟನ್ನಿನ ದರಕ್ಕಾಗಿ ರೈತರು ಹಗಲಿರುಳು ರಸ್ತೆಯಲ್ಲಿ ಕುಳಿತದ್ದನ್ನು ನಾಡೆಲ್ಲ ಕಂಡಿತು. ಟನ್ನಿಗೆ ನೂರಿನ್ನೂರು ರೂಪಾಯಿ ಹೆಚ್ಚಿಗೆ ಬರಲೆಂದು ಅಷ್ಟು ಕಷ್ಟಪಟ್ಟು ಪಡೆದ ಹಣ, ಮನೆಗೆ ಬಂದ ಮೇಲೆ ಲೆಕ್ಕವಿಲ್ಲದೆ ಹೋಗಬಾರದಲ್ಲವೇ?

ಒಂದು ಮನೆಯಲ್ಲಿ ಕೃಷಿಯ ಖರ್ಚು, ಸೊಸೈಟಿಯ ಸಾಲ ಎಲ್ಲ ಕಳೆದು 1,80,000 ರೂಪಾಯಿ ಕೈಯಲ್ಲಿ ಉಳಿಯಿತೆನ್ನಿ. ಒಟ್ಟಿಗೆ ನೋಡಿದರೆ ದೊಡ್ಡ ಗಂಟು. 12 ತಿಂಗಳಿಗೆ ಹಂಚಿದರೆ ತಿಂಗಳಿಗೆ 15,000. ದಿನಕ್ಕೆ 500. ಆರು ಜನರ ಹೊಟ್ಟೆ, ಇಬ್ಬರ ಶಾಲೆ, ಒಬ್ಬರ ಔಷಧ, ಬೀಗರು ನೆಂಟರು, ಜಾತ್ರೆ ಹಬ್ಬ ಎಲ್ಲವೂ ಆ 500ರಲ್ಲಿಯೇ. ಗಂಟನ್ನು ನೋಡಿ ಖರ್ಚು ಮಾಡುವವನು ಶ್ರೀಮಂತನಂತೆ ನಡೆಯುತ್ತಾನೆ. ದಿನದ ಪಾಲನ್ನು ನೋಡಿ ಖರ್ಚು ಮಾಡುವವನು ಹಾಸಿಗೆ ಇದ್ದಷ್ಟು ಕಾಲು ಚಾಚುತ್ತಾನೆ. ಮೊದಲನೆಯವನು ಬೇಸಿಗೆ ಮುಗಿಯುವುದರೊಳಗೆ ಸಾಲಕ್ಕೆ ಹೊರಡುತ್ತಾನೆ.

ಸಾಲದ ಲೆಕ್ಕವನ್ನೂ ನೋಡೋಣ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ ಎಂದರೆ ಕೇಳಲು ಸಣ್ಣದು. ವರ್ಷಕ್ಕೆ ಅದು 36. ತಂದ 50,000ಕ್ಕೆ ವರ್ಷಕ್ಕೆ 18,000 ಬಡ್ಡಿ. ಮೂರು ವರ್ಷ ಬಡ್ಡಿ ಕಟ್ಟಿದರೆ 54,000 ಹೋಯಿತು, ಅಸಲು ಹಾಗೆಯೇ ಕುಳಿತಿದೆ. ಕಿರುಸಾಲ ವಸೂಲಿಯ ಕಿರುಕುಳಕ್ಕೆ ಮನೆ ಬಿಟ್ಟು ಹೋದವರ, ಜೀವ ಕಳೆದುಕೊಂಡವರ ಸುದ್ದಿ ಹೆಚ್ಚಾಗಿ, 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಕಾನೂನು ಬಾಗಿಲಲ್ಲಿ ಕಾಯಬಹುದು, ಬಾಗಿಲೊಳಗೆ ಕಾಯಬೇಕಾದದ್ದು ನಮ್ಮ ಲೆಕ್ಕದ ಪುಸ್ತಕ.

ಸಾಲ ಅನಿವಾರ್ಯವಾದರೆ ದಾರಿ ನಮ್ಮ ನಾಡಿನಲ್ಲಿಯೇ ಹುಟ್ಟಿದೆ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಒಬ್ಬ ರೈತನ ಉಳಿತಾಯ ಇನ್ನೊಬ್ಬ ರೈತನ ಆಪತ್ತಿಗೆ ಆಗಲಿ ಎಂಬುದೇ ಅದರ ತಿರುಳು. ಇಂದಿಗೂ ಸೊಸೈಟಿಯ ಬೆಳೆಸಾಲವನ್ನು ಅವಧಿಯೊಳಗೆ ತೀರಿಸಿದವನಿಗೆ ಬಡ್ಡಿಯ ಭಾರವಿಲ್ಲ. ಆದರೆ ಬೆಳೆಗೆಂದು ತಂದ ಸಾಲ ಬೆಳೆಗೇ ಹೋಗಬೇಕು, ಮದುವೆಯ ಮಂಟಪಕ್ಕೆ ಹೋಗಬಾರದು.

ಈ ಮಾತಿಗೊಂದು ದೃಷ್ಟಾಂತ. ಒಂದೂರಿನಲ್ಲಿ ಒಬ್ಬ ರೈತ. ಮಗಳ ಮದುವೆ ನಿಶ್ಚಯವಾಗಿತ್ತು. ಕೈಯಲ್ಲಿದ್ದದ್ದು ಸಾಲದು, ಇನ್ನೆರಡು ಲಕ್ಷ ಬಡ್ಡಿಗೆ ತರಬೇಕೆಂದು ಹೊರಟ. ಮುದಿತಾಯಿ ಹೊಸ್ತಿಲಲ್ಲಿ ಕುಳಿತು ಕೇಳಿದಳು:

"ಎಲ್ಲಿಗಪ್ಪಾ ಹೊಂಟಿ?"

"ರೊಕ್ಕ ತರಾಕಬೇ. ಊರಾಗ ಎಲ್ಲಾರೂ ದೊಡ್ಡ ಮಂಟಪ ಹಾಕ್ಯಾರ. ನಮ್ಮ ಮಾನ ಉಳೀಬೇಕಲ್ಲ?"

"ಮಂಟಪ ಎಷ್ಟ ದಿನ ಇರತೈತಿ?"

"ಒಂದ ದಿನ."

"ಸಾಲ?"

ಮಗ ಮಾತಾಡಲಿಲ್ಲ. ತಾಯಿ ಹೇಳಿದಳು: "ಮಾನ ಮಂಟಪದಾಗ ಇಲ್ಲಪ್ಪಾ. ಸಾಲದವರು ಬಾಗಲಕ ಬರಲಾರದ ಮನ್ಯಾಗ ಐತಿ. ನಾಳೆ ನಿನ್ನ ಮಗಳು ತವರಿಗಿ ಬಂದ್ರ ಹೊಲಾ ಉಳದಿರಬೇಕು, ಆಕಿಗಿ ಒಂದ ಸೀರಿ ಕೊಡಾಕ ಕೈಯಾಗ ರೊಕ್ಕ ಉಳದಿರಬೇಕು." ಆ ಮದುವೆ ಮಠದ ಸಾಮೂಹಿಕ ವಿವಾಹದಲ್ಲಿ ನಡೆಯಿತು. ಹೊಲ ಉಳಿಯಿತು.

ಲಕ್ಕಮ್ಮ ತಾಯಿಯ ಅಳತೆ

ಉಳಿಸಬೇಕು ಸರಿ, ಎಷ್ಟು ಉಳಿಸಬೇಕು? ಇದಕ್ಕೆ 12ನೆಯ ಶತಮಾನದಲ್ಲಿಯೇ ಒಬ್ಬ ಗೃಹಿಣಿ ಉತ್ತರ ಕೊಟ್ಟಿದ್ದಾಳೆ. ಈಗಿನ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮ ದಾಸೋಹ ನಡೆಸಿ ಉಳಿದದ್ದನ್ನು ಉಣ್ಣುವುದು ಅವರ ಕಾಯಕ. ಬೇರೆಯವರು ಕಸವೆಂದು ತುಳಿದದ್ದು ಅವರಿಗೆ ಪ್ರಸಾದ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಹಿಗ್ಗಲಿಲ್ಲ. ಇದು ನಮ್ಮ ನಿತ್ಯದ ಅಕ್ಕಿಯಲ್ಲ, ನಮಗೆ ಇಷ್ಟು ಬೇಡ, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರಿ ಎಂದು ಗಂಡನನ್ನು ತಿರುಗಿ ಕಳಿಸಿದಳು.

ಒಂದೊಂದೇ ಕಾಳು ಆಯ್ದು ಬದುಕುವ ಮನೆಯಲ್ಲಿ ಹೆಚ್ಚಿನ ಕಾಳು ಬೇಡವೆಂದದ್ದು ಸಣ್ಣ ಮಾತಲ್ಲ. ಮಿತವ್ಯಯಕ್ಕೂ ಜಿಪುಣತನಕ್ಕೂ ಇರುವ ಗೆರೆಯನ್ನು ಆ ತಾಯಿ ಎಳೆದು ತೋರಿಸಿದಳು. ಕೆಳಗೆ ಬಿದ್ದ ಕಾಳನ್ನು ಬಿಡದಿರುವುದು ಮಿತವ್ಯಯ. ಬೇಡದ ಕಾಳನ್ನು ಕೂಡಿಡುವುದು ಆಸೆ.

ಆ ಗೆರೆ ದಾಟಿದ ಉಳಿತಾಯವನ್ನು ಇಂದೂ ಕಾಣುತ್ತೇವೆ. ಕೂಲಿಯವನಿಗೆ ಕೊಡಬೇಕಾದದ್ದರಲ್ಲಿ ಐವತ್ತು ರೂಪಾಯಿ ಹಿಡಿದು ಉಳಿಸಿದೆನೆನ್ನುವವನು ಉಳಿಸಿಲ್ಲ, ಕದ್ದಿದ್ದಾನೆ. ಮುದಿತಂದೆಯ ಔಷಧದಲ್ಲಿ, ಕೂಸಿನ ಹಾಲಿನಲ್ಲಿ, ಹೆಣ್ಣುಮಗಳ ಶಾಲೆಯಲ್ಲಿ ಉಳಿಸಬಾರದು. ಇನ್ನೊಂದು ಮಾತು, ಇದನ್ನು ಗಂಡಸರು ಕೇಳಬೇಕು. ಎಷ್ಟೋ ಮನೆಗಳಲ್ಲಿ ಉಳಿತಾಯವೆಲ್ಲ ತಾಯಿಯ ಹೊಟ್ಟೆಯಿಂದಲೇ ಬರುತ್ತದೆ. ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದು ಆಕೆಯ ಪಾಲು, ತಂಗಳ ರೊಟ್ಟಿ ಆಕೆಯ ಪಾಲು. ಅತ್ತ ಗಂಡನ ಗುಟಕಾ, ಸೆರೆ, ಇಸ್ಪೀಟಿಗೆ ಲೆಕ್ಕವೇ ಇಲ್ಲ. ಅಂಥ ಮನೆಯಲ್ಲಿ ಹೆಂಗಸಿಗೆ ಮಿತವ್ಯಯ ಬೋಧಿಸುವುದು ಪಾಪ. ಖರ್ಚಿನ ಪುಸ್ತಕದಲ್ಲಿ ಯಜಮಾನನ ಹೆಸರು ಮೊದಲ ಸಾಲಿನಲ್ಲಿರಲಿ. ತಂಗಳ ರೊಟ್ಟಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಮುಟಗಿ ಕಟ್ಟಿದರೆ ಎಲ್ಲರೂ ಕೂಡಿ ಉಣ್ಣಲಿ.

ತಾಯಂದಿರ ಕೈಗೆ ನಾಲ್ಕು ದುಡ್ಡು ಬಂದರೆ ಏನು ಮಾಡುತ್ತಾರೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2023ರ ಆಗಸ್ಟಿನಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆ ಆರಂಭವಾಯಿತು. ಮರುವರ್ಷ ನಮ್ಮ ಜಿಲ್ಲೆಯ ರಾಯಬಾಗ ತಾಲೂಕಿನ ಒಬ್ಬ ಹಿರಿಯ ತಾಯಿ ಆ ಹಣವನ್ನು ಕೂಡಿಟ್ಟು ಊರಿನವರಿಗೆ ಹೋಳಿಗೆ ಊಟ ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ತನಗೆಂದು ಬಂದದ್ದನ್ನು ಹನಿಹನಿಯಾಗಿ ಉಳಿಸಿ ಎಲ್ಲರ ಎಲೆಗೆ ಬಡಿಸಿದಳು. ಲಕ್ಕಮ್ಮನ ಬಳಗ ಕಲ್ಯಾಣದೊಡನೆ ಮುಗಿದಿಲ್ಲ.

ಭಕ್ತ ಬಾಂಧವರೇ, ಇಂದು ಸಂಜೆಯೇ ಆರಂಭಿಸಿರಿ. ಹತ್ತು ರೂಪಾಯಿಯ ಒಂದು ವಹಿ ತನ್ನಿರಿ. ಬಂದದ್ದು ಒಂದು ಕಡೆ, ಹೋದದ್ದು ಒಂದು ಕಡೆ ಬರೆಯಿರಿ. ಬರೆಯಲು ಬಾರದ ಹಿರಿಯರು ಶಾಲೆಗೆ ಹೋಗುವ ಮೊಮ್ಮಕ್ಕಳಿಂದ ಬರೆಸಿರಿ, ಮಕ್ಕಳೂ ಮನೆಯ ಬೆವರಿನ ಬೆಲೆ ಕಲಿಯುತ್ತಾರೆ. ಬಿಲ್ಲು ಬಂದ ದಿನ ಮುಂದಿನ ಬೆಳೆಗೆ, ಹೊಟ್ಟೆಗೆ, ಓದಿಗೆ, ಔಷಧಕ್ಕೆ, ಹಬ್ಬಕ್ಕೆ ಬೇರೆ ಬೇರೆ ಎತ್ತಿಡಿರಿ. ಕೊನೆಗೆ ಎಷ್ಟೇ ಸಣ್ಣದಾಗಲಿ, ದಾಸೋಹಕ್ಕೊಂದು ಪಾಲು ತೆಗೆಯಿರಿ. ಆ ಪಾಲು ಇದ್ದ ಮನೆಯಲ್ಲಿ ಉಳಿತಾಯ ಎಂದಿಗೂ ಜಿಪುಣತನವಾಗಿ ಕೆಡುವುದಿಲ್ಲ.

ಹರಿದದ್ದಕ್ಕೆ ಸೂಜಿ ಇರಲಿ, ಹೆಚ್ಚಾದದ್ದಕ್ಕೆ ಕೊಡುವ ಕೈ ಇರಲಿ, ಬಂದದ್ದಕ್ಕೆ ಲೆಕ್ಕವಿರಲಿ. ಸಾಲಗಾರನ ಹೆಜ್ಜೆ ಕೇಳದ, ಹಸಿದವನ ಕೂಗು ಕೇಳುವ ಮನೆಗಳು ನಮ್ಮ ಊರುಗಳಲ್ಲಿ ಹೆಚ್ಚಲಿ.